ಎದ್ದು ಹೋಗಿ ಎನ್ನದ ಜಾಗ

ವಿಶ್ವವಿದ್ಯಾಲಯದ ಒಳಗೆ ಎಲ್ಲದಕ್ಕೂ ಒಂದು ಗಡಿಯಾರವಿದೆ. ತರಗತಿಗೆ ವೇಳಾಪಟ್ಟಿ, ಲ್ಯಾಬಿಗೆ ಪಾಳಿ, ಗ್ರಂಥಾಲಯ ಬಾಗಿಲು ಹಾಕುವುದಕ್ಕೂ ಹೊತ್ತು ಗೊತ್ತು. ಹಾಜರಿ ಪುಸ್ತಕವಿದೆ, ಆಂತರಿಕ ಅಂಕಗಳಿವೆ, ಪ್ರಬಂಧ ಒಪ್ಪಿಸುವ ಕೊನೆಯ ದಿನಾಂಕವಿದೆ. ಗೇಟು ದಾಟಿ ರಸ್ತೆಯ ಆಚೆ ಬದಿಗೆ ಬಂದು, ಯಾವ ಕಂಪನಿಯ ಶಾಖೆಯೂ ಅಲ್ಲದ, ಒಬ್ಬರೋ ಇಬ್ಬರೋ ಸೇರಿ ಕಟ್ಟಿದ ಕಾಫಿ ಶಾಪಿನಲ್ಲಿ ಕೂತರೆ ಈ ಲೆಕ್ಕವೆಲ್ಲ ಗೇಟಿನ ಒಳಗೇ ಉಳಿದುಬಿಡುತ್ತದೆ. ಒಂದು ಕಪ್ಪಿನ ದುಡ್ಡು ಕೊಟ್ಟವರಿಗೆ ಅಲ್ಲೊಂದು ಕುರ್ಚಿ ಸಿಗುತ್ತದೆ. ಆ ಕುರ್ಚಿಯಲ್ಲಿ ಏನು ಮಾಡಿದಿರಿ, ಎಷ್ಟು ಮಾಡಿದಿರಿ ಎಂದು ಯಾರೂ ಬರೆದಿಡುವುದಿಲ್ಲ.

ಇಂಥ ಜಾಗಗಳ ಸೆಳೆತ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಕಾಫಿ ಚೆನ್ನಾಗಿರಬೇಕು, ನಿಜ. ಆದರೆ ಕಾಫಿಗಾಗಿಯೇ ಬಂದವರು ಕುಡಿದು ಎದ್ದು ಹೋಗುತ್ತಾರೆ. ಓದುವ ಹುಡುಗ ಹುಡುಗಿಯರು ಕಪ್ಪಿನ ತಳದಲ್ಲಿ ಉಳಿದದ್ದು ಒಣಗಿದ ಮೇಲೂ ಕೂತಿರುತ್ತಾರೆ. ಅವರನ್ನು ಹಾಗೆ ಕೂರಲು ಬಿಡುವ ಅಧಿಕಾರ ದೂರದ ಯಾವುದೋ ಪ್ರಧಾನ ಕಚೇರಿಯಲ್ಲಿಲ್ಲ. ಅದು ಕೌಂಟರಿನ ಹಿಂದೆ ನಿಂತು ಹಾಲು ಕಾಯಿಸುತ್ತಿರುವ ಮನುಷ್ಯನ ಕೈಯಲ್ಲೇ ಇದೆ. ಆ ಮನುಷ್ಯ ಒಮ್ಮೆ ತಲೆಯೆತ್ತಿ ನೋಡಿ, ಇರಲಿ ಬಿಡು, ಓದಿಕೊಳ್ಳಲಿ ಎಂದುಕೊಂಡು ಮತ್ತೆ ತನ್ನ ಕೆಲಸಕ್ಕೆ ತಿರುಗುತ್ತಾನೆ. ಸ್ವತಂತ್ರ ಕಾಫಿ ಶಾಪು ಅಂದರೆ ನನಗೆ ಮೊದಲು ನೆನಪಾಗುವುದು ಈ ಸ್ವಾತಂತ್ರ್ಯ.

ಹೀಗೆ ಕೂರಲು ಬಿಟ್ಟದ್ದರಿಂದ ಏನಾಗಬಹುದು ಎಂಬುದಕ್ಕೆ ನಾನು ಪದೇಪದೇ ಹೇಳುವ ಕತೆ ಒಂದಿದೆ. ಇಂದು ಉಕ್ರೇನಿನಲ್ಲಿರುವ ಲ್ವಿವ್ ನಗರ ಎರಡು ಮಹಾಯುದ್ಧಗಳ ನಡುವೆ ಪೋಲೆಂಡಿಗೆ ಸೇರಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಗಣಿತಜ್ಞರು ಹತ್ತಿರದ ಸ್ಕಾಟಿಷ್ ಕೆಫೆಯಲ್ಲಿ ಸೇರುತ್ತಿದ್ದರು. ಸ್ಟೆಫಾನ್ ಬಾನಾಖ್, ಸ್ಟಾನಿಸ್ವಾಫ್ ಮಜೂರ್, ಇನ್ನೂ ಎಳೆಯ ವಯಸ್ಸಿನ ಸ್ಟಾನಿಸ್ವಾಫ್ ಉಲಾಮ್ ಮೊದಲಾದವರ ಗುಂಪು ಅದು. ಬಾನಾಖ್ ಅಂದರೆ ಇವತ್ತಿಗೂ ಗಣಿತ ಓದುವವರು ಎರಡನೆಯ ಮೂರನೆಯ ವರ್ಷದಲ್ಲೇ ಎದುರಾಗುವ ಹೆಸರು. ಫಂಕ್ಷನಲ್ ಅನಾಲಿಸಿಸ್ ಎಂಬ ಶಾಖೆಯೇ ಆ ಊರಿನಲ್ಲಿ ಮೈ ತುಂಬಿಕೊಂಡಿತು. ಕೆಫೆಯ ಮೇಜುಗಳ ಮೇಲ್ಭಾಗ ಅಮೃತಶಿಲೆಯದು. ಮಾತಿನ ಮಧ್ಯೆ ಏನಾದರೂ ಹೊಳೆದರೆ ಪೆನ್ಸಿಲಿನಿಂದ ಮೇಜಿನ ಮೇಲೇ ಗೀಚಿಬಿಡುತ್ತಿದ್ದರು. ಮಜೂರ್ ಮತ್ತು ಬಾನಾಖ್ ಜೊತೆಗಿನ ಒಂದು ಕೂಟ, ಊಟದ ಬಿಡುವು ಬಿಟ್ಟರೆ ಎಡೆಬಿಡದೆ 17 ಗಂಟೆ ನಡೆಯಿತು ಎಂದು ಉಲಾಮ್ ನೆನಪಿಸಿಕೊಂಡಿದ್ದಾರೆ. ಹದಿನೇಳು ಗಂಟೆ! ಅಷ್ಟು ಹೊತ್ತು ಒಂದೇ ಮೇಜು ಹಿಡಿದು ಕೂತ ಗಿರಾಕಿಗಳನ್ನು ಯಾರೂ ಎಬ್ಬಿಸಲಿಲ್ಲ ಎಂಬುದನ್ನು ಗಣಿತದ ಚರಿತ್ರೆ ಬರೆಯುವವರು ಅಷ್ಟಾಗಿ ಗಮನಿಸುವುದಿಲ್ಲ. ನನಗೆ ಮಾತ್ರ ಆ ಕತೆಯಲ್ಲಿ ಬಾನಾಖ್ ಎಷ್ಟು ಮುಖ್ಯವೋ ಆ ಕೆಫೆಯವರೂ ಅಷ್ಟೇ ಮುಖ್ಯ.

ರಾತ್ರಿ ಮೇಜು ಒರೆಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಕೊನೆಗೆ ಬಾನಾಖರ ಹೆಂಡತಿ ಒಂದು ದಪ್ಪ ನೋಟ್‌ಬುಕ್ ತಂದುಕೊಟ್ಟರು. ಅದು ಕೆಫೆಯಲ್ಲೇ, ಅಲ್ಲಿನ ಮಾಣಿಯ ಸುಪರ್ದಿಯಲ್ಲಿ ಇರುತ್ತಿತ್ತು. ಯಾರಾದರೂ ಗಣಿತಜ್ಞರು ಬಂದು ಕೇಳಿದರೆ ತಂದಿಡುತ್ತಿದ್ದ, ಅವರು ಎದ್ದು ಹೋದ ಮೇಲೆ ಮತ್ತೆ ಒಳಗಿಡುತ್ತಿದ್ದ. 1935ರ ಜುಲೈ 17ರಂದು ಬಾನಾಖ್ ಅದರಲ್ಲಿ ಮೊದಲ ಸಮಸ್ಯೆ ಬರೆದರು. 1941ರ ಮೇ ಕೊನೆಯ ಹೊತ್ತಿಗೆ ಸಂಖ್ಯೆ 193 ಮುಟ್ಟಿತ್ತು. ಕೆಲವು ಸಮಸ್ಯೆಗಳಿಗೆ ಬಹುಮಾನವೂ ಇತ್ತು. ಬಿಯರು, ವೈನು ಹೀಗೆ ಮೇಜಿನ ಮೇಲೆ ಬರುವಂಥವೇ ಹೆಚ್ಚು. ಮಜೂರ್ ಮಾತ್ರ 1936ರ ನವೆಂಬರಿನಲ್ಲಿ ಬರೆದ 153ನೆಯ ಸಮಸ್ಯೆಗೆ ಒಂದು ಜೀವಂತ ಹೆಬ್ಬಾತನ್ನು ಪಣವಾಗಿಟ್ಟರು. ಅದು ಬಿಡಿಸಲು ಸಿಕ್ಕಿದ್ದು 1972ರಲ್ಲಿ, ಸ್ವೀಡನ್ನಿನ ಪೆರ್ ಎನ್‌ಫ್ಲೋ ಎಂಬ ತರುಣನಿಗೆ. ಮಜೂರ್ ಆಗಲೂ ಬದುಕಿದ್ದರು. ವಾರ್ಸಾದಲ್ಲಿ ಎಲ್ಲರೆದುರು ಹೆಬ್ಬಾತನ್ನು ಕೈಗಿತ್ತು ಮಾತು ಉಳಿಸಿಕೊಂಡರು.

ಯುದ್ಧ ಆ ಕೂಟವನ್ನು ಮುರಿದುಹಾಕಿತು. ನಾಜಿಗಳು ಅವರಲ್ಲಿ ಹಲವರನ್ನು ಕೊಂದರು. ಬಾನಾಖ್ 1945ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ನೋಟ್‌ಬುಕ್ ಹೇಗೋ ಉಳಿಯಿತು. ಗುಂಪಿನ ಹಿರಿಯರಾದ ಹ್ಯೂಗೋ ಸ್ಟೈನ್‌ಹೌಸ್ ಅದರ ಪ್ರತಿಯನ್ನು ಅಮೆರಿಕಕ್ಕೆ, ಉಲಾಮರಿಗೆ ಕಳಿಸಿದರು. ಉಲಾಮ್ ಅದನ್ನು ಇಂಗ್ಲಿಷಿಗೆ ಮಾಡಿ ಜಗತ್ತಿನ ಗಣಿತಜ್ಞರಿಗೆ ಹಂಚಿದರು. ಅದೇ ಜನ, ಅದೇ ಬುದ್ಧಿ, ವಿಭಾಗದ ಸಭಾಕೊಠಡಿಯಲ್ಲಿ ಕೂತಿದ್ದರೂ ಇದೆಲ್ಲ ಆಗುತ್ತಿತ್ತು ಎಂದು ವಾದಿಸಬಹುದು. ನಾನು ಒಪ್ಪುವುದಿಲ್ಲ. ಸಭಾಕೊಠಡಿಯಲ್ಲಿ ಮಾತಾಡಬೇಕಾದರೆ ವಿಷಯ ಗೊತ್ತಿರಬೇಕು, ಸರದಿ ಬರಬೇಕು, ಹೇಳಿದ್ದು ಸರಿಯಿರಬೇಕು. ಕಾಫಿ ಮೇಜಿನ ಮುಂದೆ ಅರ್ಧ ಬೆಂದ ಯೋಚನೆಯನ್ನೂ ಹೊರಹಾಕಬಹುದು. ತಪ್ಪಾಗಿದ್ದರೆ ಎದುರಿಗಿರುವವರು ಕೈಯಾಡಿಸಿ ಮುಂದೆ ಹೋಗುತ್ತಾರೆ, ಅಷ್ಟೇ.

ಹಾಗಂತ ವಿಶ್ವವಿದ್ಯಾಲಯಗಳು ಕಾಫಿ ಅಂಗಡಿಯನ್ನು ಯಾವಾಗಲೂ ಪ್ರೀತಿಯಿಂದ ನೋಡಿದವೆಂದಲ್ಲ. ಇಂಗ್ಲೆಂಡಿನ ಮೊದಲ ಕಾಫಿ ಮನೆ 1650ರಲ್ಲಿ ಆಕ್ಸ್‌ಫರ್ಡಿನಲ್ಲಿ ತೆರೆಯಿತು ಎಂದು ಆ ಊರಿನ ಚರಿತ್ರೆಕಾರ ಆಂಟನಿ ವುಡ್ ದಾಖಲಿಸಿದ್ದಾನೆ. ನಡೆಸುತ್ತಿದ್ದವನು ಜೇಕಬ್ ಎಂಬ ಯಹೂದಿ. ಲಂಡನ್ನಿನಲ್ಲಿ ಮೊದಲನೆಯದು ಬಂದದ್ದು ಅದಾದ ಮೇಲೆ, 1652ರಲ್ಲಿ. ಅಂದರೆ ಆ ದೇಶದಲ್ಲಿ ಕಾಫಿ ಮನೆ ಹುಟ್ಟಿದ್ದೇ ಕ್ಯಾಂಪಸ್ಸಿನ ಪಕ್ಕ. 1655ರಲ್ಲಿ ಆರ್ಥರ್ ಟಿಲ್ಯಾರ್ಡ್ ಎಂಬ ಔಷಧ ವ್ಯಾಪಾರಿ ಆಲ್ ಸೋಲ್ಸ್ ಕಾಲೇಜಿನ ಎದುರಿನ ತನ್ನ ಮನೆಯಲ್ಲೇ ಕಾಫಿ ಮಾರತೊಡಗಿದ. ಅಲ್ಲಿಗೆ ಬರುತ್ತಿದ್ದ ಕುತೂಹಲಿಗಳಲ್ಲಿ ಆಗಿನ್ನೂ ಯುವಕನಾಗಿದ್ದ, ಮುಂದೆ ವಾಸ್ತುಶಿಲ್ಪಿಯಾಗಿ ಹೆಸರಾದ ಕ್ರಿಸ್ಟಫರ್ ರೆನ್ ಒಬ್ಬ. ಕೆಲವು ವರ್ಷಗಳ ನಂತರ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘವನ್ನು ಕಟ್ಟಿದವರ ಪೈಕಿ ಅವನೂ ಇದ್ದ. ಇತ್ತ ಅದೇ ಆಂಟನಿ ವುಡ್ 1677ರ ಹೊತ್ತಿಗೆ, ವಿಶ್ವವಿದ್ಯಾಲಯದಲ್ಲಿ ಗಟ್ಟಿ ವಿದ್ಯೆ ಕುಸಿಯುತ್ತಿರುವುದಕ್ಕೆ ಕಾಫಿ ಮನೆಗಳೇ ಕಾರಣ, ಎಲ್ಲರೂ ಅಲ್ಲೇ ಹೊತ್ತು ಕಳೆಯುತ್ತಾರೆ ಎಂದು ಬೇಸರಪಟ್ಟು ಬರೆದ. ಕೇಂಬ್ರಿಜ್‌ನಲ್ಲಂತೂ 1664ರಲ್ಲೇ, ಗುರುಗಳ ಅಪ್ಪಣೆಯಿಲ್ಲದೆ ಕಾಫಿ ಮನೆಗೆ ಹೋದ ವಿದ್ಯಾರ್ಥಿಗೆ ಶಿಕ್ಷೆ ಎಂಬ ನಿಯಮ ಬಂತು. ದೊರೆಗೂ ಈ ಮೇಜುಗಳ ಮೇಲೆ ಅನುಮಾನ. ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಿಸುವ ಆಜ್ಞೆ ಹೊರಡಿಸಿದ. ಜನ ಎಷ್ಟು ಗದ್ದಲ ಎಬ್ಬಿಸಿದರೆಂದರೆ, ಆಜ್ಞೆ ಜಾರಿಗೆ ಬರುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಒಂದು ಪೆನ್ನಿ ಕೊಟ್ಟರೆ ಒಳಗೆ ಬಿಡುತ್ತಿದ್ದರು, ಒಳಗೆ ಬಂದವರೆಲ್ಲ ಸಮ ಎಂಬ ಕಾರಣಕ್ಕೆ ಆ ಕಾಫಿ ಮನೆಗಳಿಗೆ ಪೆನ್ನಿ ವಿಶ್ವವಿದ್ಯಾಲಯ ಎಂಬ ಹೆಸರು ಅಂಟಿತು. ಆದರೆ ಆ ಸಮಾನತೆ ಗಂಡಸರಿಗಷ್ಟೇ. ಹೆಂಗಸರು ಅಂಗಡಿ ನಡೆಸಿದ್ದುಂಟು, ಕಾಫಿ ಬಡಿಸಿದ್ದುಂಟು, ಗಿರಾಕಿಗಳಾಗಿ ಕೂತು ವಾದ ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇವತ್ತು ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳೇ ಹುಡುಗಿ ಪುಸ್ತಕ ಹರಡಿಕೊಂಡು, ಯಾರಿಗೂ ಕಾಯದೆ, ಯಾರಿಗೂ ಕಾರಣ ಹೇಳದೆ ಗಂಟೆಗಟ್ಟಲೆ ಕೂತಿರುವುದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಒಬ್ಬಂಟಿ ಹೆಣ್ಣು ಸುಮ್ಮನೆ ಕೂತಿರಬಹುದಾದ ಸಾರ್ವಜನಿಕ ಜಾಗಗಳು ಎಲ್ಲಿಯೂ ಹೆಚ್ಚಿಲ್ಲ. ಗ್ರಂಥಾಲಯ ಒಂದು, ಇದು ಇನ್ನೊಂದು.

ಗ್ರಂಥಾಲಯವಿರುವಾಗ ಕಾಫಿ ಶಾಪು ಯಾಕೆ ಎಂದು ಕೇಳುವವರಿದ್ದಾರೆ. ಗ್ರಂಥಾಲಯದ ಮೌನ ಕೆಲವು ಕೆಲಸಗಳಿಗೆ ಬೇಕೇ ಬೇಕು. ಉಲ್ಲೇಖ ಹುಡುಕುವಾಗ, ಅಚ್ಚಿನ ತಪ್ಪು ತಿದ್ದುವಾಗ ನಾನೂ ಅಲ್ಲಿಗೇ ಹೋಗುತ್ತೇನೆ. ಆದರೆ ಹೊಸದಾಗಿ ಏನನ್ನಾದರೂ ಬರೆಯಲು ಹೊರಟಾಗ ಆ ಮೌನ ನನ್ನ ಮೇಲೆ ಭಾರ ಹಾಕುತ್ತದೆ. ಇದಕ್ಕೆ ಪುಷ್ಟಿ ಕೊಡುವ ಸಂಶೋಧನೆಯೂ ಇದೆ. ರವಿ ಮೆಹ್ತಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುತ್ತಲಿನ ಸದ್ದು 50 ಡೆಸಿಬೆಲ್ ಇದ್ದಾಗಿನಕ್ಕಿಂತ 70 ಡೆಸಿಬೆಲ್ ಇದ್ದಾಗ ಸೃಜನಶೀಲ ಕೆಲಸ ಚೆನ್ನಾಗಿ ನಡೆಯಿತು. 85ಕ್ಕೆ ಏರಿದಾಗ ಕೆಟ್ಟಿತು. ಎಪ್ಪತ್ತು ಎಂದರೆ ಹೆಚ್ಚುಕಡಿಮೆ ಗಿಜಿಗುಡುವ ಕೆಫೆಯ ಸದ್ದು. ಮನಸ್ಸು ಒಂದೇ ಕಡೆ ಗಟ್ಟಿಯಾಗಿ ನೆಟ್ಟಿರದೆ ಸ್ವಲ್ಪ ಸಡಿಲವಾದಾಗ ದೂರದ ಸಂಬಂಧಗಳು ಹೊಳೆಯುತ್ತವೆ ಎಂಬುದು ಅವರು ಕೊಟ್ಟ ವಿವರಣೆ.

ಸದ್ದಿಗಿಂತಲೂ ದೊಡ್ಡ ಕಾರಣ ಜನ. ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಕೂತು ಪ್ರಬಂಧ ಬರೆಯುವುದು ಎಂಥ ಒಂಟಿತನ ಎಂಬುದು ಬರೆದವರಿಗೇ ಗೊತ್ತು. ಅದರಲ್ಲೂ ಪಿಎಚ್‌ಡಿಯ ಕೊನೆಯ ಹಂತ. ಜೊತೆಗೆ ಸೇರಿದವರೆಲ್ಲ ಹೊರಟುಹೋಗಿರುತ್ತಾರೆ, ಮಾರ್ಗದರ್ಶಕರು ಸಿಗುವುದು ಯಾವಾಗಲೋ ಒಮ್ಮೆ, ಮನೆಯವರು ಫೋನಿನಲ್ಲಿ ಯಾವಾಗ ಮುಗಿಯುತ್ತದೆ ಎಂದಷ್ಟೇ ಕೇಳುತ್ತಾರೆ. ಅಂಥ ಕಾಲದಲ್ಲಿ ಬೆಳಿಗ್ಗೆ ಎದ್ದು ಮುಖ ತೊಳೆದು ಹೊರಗೆ ಬಂದು, ತನ್ನ ಹಾಗೆಯೇ ಪರದೆ ನೋಡುತ್ತ ಹಣೆ ಉಜ್ಜಿಕೊಳ್ಳುವ ನಾಲ್ಕು ಜನರ ನಡುವೆ ಕೂರುವುದೇ ಒಂದು ಆಸರೆ. ಅವರ ಹೆಸರು ಗೊತ್ತಿಲ್ಲದಿರಬಹುದು. ಟಾಯ್ಲೆಟ್ಟಿಗೆ ಹೋಗುವಾಗ ಲ್ಯಾಪ್‌ಟಾಪ್ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳುವಷ್ಟು ನಂಬಿಕೆಯಂತೂ ಬೆಳೆದಿರುತ್ತದೆ. ಕೌಂಟರಿನಲ್ಲಿರುವವರು ನೀವು ಬಾಯಿ ತೆರೆಯುವ ಮೊದಲೇ, ದಿನಾ ತಗೊಳ್ಳೋದೇ ತಾನೆ ಎಂದು ಕೇಳುತ್ತಾರೆ. ಒಂದು ವಾರ ಕಾಣದಿದ್ದರೆ, ಹುಷಾರಿರಲಿಲ್ಲವೇ ಎಂದು ವಿಚಾರಿಸುತ್ತಾರೆ. ಸಾವಿರಾರು ಜನ ಓದುವ ಕ್ಯಾಂಪಸ್ಸಿನಲ್ಲಿ ಒಬ್ಬರ ಗೈರುಹಾಜರಿಯನ್ನು ದಂಡ ಹಾಕದೆ ಗಮನಿಸುವ ಜಾಗ ಅದೊಂದೇ ಇರಬಹುದು.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಮನೆಯೂ ಅಲ್ಲದ ಕೆಲಸದ ಸ್ಥಳವೂ ಅಲ್ಲದ ಇಂಥ ತಾಣಗಳನ್ನು ಮೂರನೆಯ ಜಾಗ ಎಂದು ಕರೆದರು. ಅವರ ಪ್ರಕಾರ ಅಲ್ಲಿ ಮಾತೇ ಮುಖ್ಯ ಚಟುವಟಿಕೆ, ಹುದ್ದೆ ಅಂತಸ್ತುಗಳಿಗೆ ಅಲ್ಲಿ ಬೆಲೆಯಿಲ್ಲ. ಮಾತಿನ ವಿಷಯದಲ್ಲಿ ಇಂದಿನ ಕ್ಯಾಂಪಸ್ ಕೆಫೆ ಅವರ ಚಿತ್ರಕ್ಕೆ ಪೂರ್ತಿ ಹೊಂದುವುದಿಲ್ಲ, ಅರ್ಧ ಜನರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಆದರೆ ಮಾತಿಲ್ಲದೆಯೂ ಜೊತೆಗಿರಬಹುದು, ಅದನ್ನು ಕೀಳಾಗಿ ನೋಡಬೇಕಿಲ್ಲ. ಅಂತಸ್ತಿನ ವಿಷಯದಲ್ಲಂತೂ ಓಲ್ಡನ್‌ಬರ್ಗ್ ಹೇಳಿದ್ದು ಕಣ್ಣಿಗೇ ಕಾಣುತ್ತದೆ. ತರಗತಿಯಲ್ಲಿ ಪ್ರಶ್ನೆ ಎಸೆಯುವ ಪ್ರೊಫೆಸರು ಇಲ್ಲಿ ಸಾಲಿನಲ್ಲಿ ನಿಂತು, ತಮ್ಮದೇ ವಿದ್ಯಾರ್ಥಿನಿ ಏಪ್ರನ್ ಕಟ್ಟಿಕೊಂಡು ಕಾಫಿ ಇಳಿಸಿ ಕೊಡುವವರೆಗೆ ಕಾಯುತ್ತಾರೆ. ಈ ಕಸುಬಿನ ಮಟ್ಟಿಗೆ ಅವಳಿಗೇ ಹೆಚ್ಚು ಗೊತ್ತು.

ಕಸುಬು ಎಂದೆ, ಅದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಎಸ್ಪ್ರೆಸ್ಸೊ ಎಂಬ ಗಟ್ಟಿ ಕಾಫಿ ಇಳಿಸುವಾಗ ತೊಂಬತ್ತು ಡಿಗ್ರಿಗಿಂತ ತುಸು ಮೇಲೆ ಕಾದ ನೀರು ಸುಮಾರು 9 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಒಂಬತ್ತರಷ್ಟು ಒತ್ತಡದಲ್ಲಿ ಪುಡಿಯ ಮೂಲಕ ಹಾಯಬೇಕು, 25ರಿಂದ 30 ಸೆಕೆಂಡಿನೊಳಗೆ ಇಳಿದು ಮುಗಿಯಬೇಕು. ಪುಡಿ ಒಂದಿಷ್ಟು ತರಿಯಾದರೆ ನೀರು ಬೇಗ ಜಾರಿ ಕಾಫಿ ಹುಳಿ ಹುಳಿಯಾಗುತ್ತದೆ, ನೀರಾಗುತ್ತದೆ. ತೀರಾ ನಯವಾದರೆ ಹನಿಹನಿಯಾಗಿ ಬಿದ್ದು ಕಹಿ ಏರುತ್ತದೆ. ಹುರಿದ ಬೀಜ ದಿನಗಟ್ಟಲೆ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಾ ಹೋಗುತ್ತದೆ, ಗಾಳಿಯ ತೇವ ಒಂದೊಂದು ದಿನ ಒಂದೊಂದು ಥರ. ಹೀಗಾಗಿ ನಿನ್ನೆ ಸರಿಯಾಗಿದ್ದ ಗ್ರೈಂಡರ್ ಇವತ್ತು ಸರಿಯಾಗಿರುತ್ತದೆಂಬ ಖಾತರಿಯಿಲ್ಲ. ಒಳ್ಳೆಯ ಅಂಗಡಿಯಲ್ಲಿ ಬಾಗಿಲು ತೆರೆಯುವ ಮೊದಲೇ ಯಾರೋ ಒಬ್ಬರು ಎರಡು ಮೂರು ಶಾಟ್ ಇಳಿಸಿ, ರುಚಿ ನೋಡಿ, ಚೆಲ್ಲಿ, ಗ್ರೈಂಡರನ್ನು ಒಂದು ಎಳೆಯಷ್ಟು ತಿರುಗಿಸಿರುತ್ತಾರೆ. ಎಲ್ಲ ಶಾಖೆಯಲ್ಲೂ ಒಂದೇ ರುಚಿ ಬರಬೇಕಾದ ದೊಡ್ಡ ಸರಪಳಿಗಳು ಗುಂಡಿ ಒತ್ತಿದರೆ ತಾನೇ ಅರೆದು ತಾನೇ ಇಳಿಸುವ ಯಂತ್ರಗಳತ್ತ ಹೋದದ್ದು ಅರ್ಥವಾಗುವ ಸಂಗತಿ. ಆದರೆ ಆ ಯಂತ್ರದ ಮುಂದೆ ನಿಂತ ಹುಡುಗನಿಗೆ ಇವತ್ತಿನ ಕಾಫಿ ಹೇಗಿದೆ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಸಣ್ಣ ಅಂಗಡಿಯಲ್ಲಿ ಅದೇ ಪ್ರಶ್ನೆಗೆ ಐದು ನಿಮಿಷದ ಉತ್ತರ ಸಿಗುತ್ತದೆ.

ಪರೀಕ್ಷೆಯ ಕಾಲದಲ್ಲಿ ಆ ಉತ್ತರ ಕೇಳುವ ಪುರುಸೊತ್ತು ಯಾರಿಗೂ ಇಲ್ಲ, ಬೇಕಾದದ್ದು ಎಚ್ಚರ ಮಾತ್ರ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆ ಒತ್ತರಿಸುತ್ತದೆ. ಕಾಫಿಯಲ್ಲಿರುವ ಕೆಫೀನಿನ ಅಣುರಚನೆ ಅದಕ್ಕೆ ಹತ್ತಿರ ಇರುವುದರಿಂದ ಅಡೆನೊಸಿನ್ ಕೂರಬೇಕಾದ ಜಾಗಗಳಲ್ಲಿ ಕೆಫೀನು ಹೋಗಿ ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ತಲುಪಿರುವುದಿಲ್ಲ. ರಕ್ತದಲ್ಲಿರುವ ಕೆಫೀನು ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಗಿರಾಕಿಯ ಮುಖ ಪರಿಚಯವಿರುವ ಕೌಂಟರಿನಲ್ಲಿ ಮಾತ್ರ, ಇದು ನಾಲ್ಕನೆಯದು ಮರೀ, ಈಗ ಸಾಕು, ಹೋಗಿ ಮಲಗು ಎಂಬ ಮಾತು ಬರಲು ಸಾಧ್ಯ. ಮಾರುವವರೇ ಮಾರಲು ಒಲ್ಲೆ ಎಂದದ್ದನ್ನು ನಾನು ಕೇಳಿದ್ದೇನೆ. ಆ ಮಾತು ಕೇಳಿ ಹುಡುಗ ನಿಜಕ್ಕೂ ಎದ್ದು ಹೋದದ್ದನ್ನೂ ನೋಡಿದ್ದೇನೆ.

ಇನ್ನು ಈ ಔದಾರ್ಯಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು. ಇದರ ಬಗ್ಗೆ ಗಿರಾಕಿಗಳು ಯೋಚಿಸುವುದು ಕಡಿಮೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಕಪ್ಪು ಕೊಂಡು ಮೂರು ಗಂಟೆ ಕೂತವರಿಂದ ಆ ಮೇಜಿನ ಬಾಡಿಗೆಯೂ ಹುಟ್ಟುವುದಿಲ್ಲ. ಅಂಗಡಿ ಬದುಕುವುದು ಬೆಳಗಿನ ನೂಕುನುಗ್ಗಲಿನಲ್ಲಿ, ತರಗತಿಗೆ ಓಡುವ ದಾರಿಯಲ್ಲಿ ನಿಂತು ಕಪ್ಪು ಕೈಯಲ್ಲಿ ಹಿಡಿದು ಹೋಗುವವರಿಂದ. ಅಂದರೆ ಕೂರದೆ ಹೋದವರು ಕೂತವರ ಕುರ್ಚಿಗೆ ದುಡ್ಡು ಕೊಡುತ್ತಿರುತ್ತಾರೆ. ಮಾಲೀಕರು ಅದನ್ನು ಅಲ್ಲಿಂದ ಇಲ್ಲಿಗೆ ಸರಿದೂಗಿಸುತ್ತಾರೆ. ಕೆಲವು ಅಂಗಡಿಗಳು ನೂಕುನುಗ್ಗಲಿನ ಹೊತ್ತಿನಲ್ಲಿ ವೈಫೈ ನಿಲ್ಲಿಸುತ್ತವೆ, ಕೆಲವು ಮೇಜುಗಳ ಮೇಲೆ ಲ್ಯಾಪ್‌ಟಾಪ್ ಬೇಡ ಎಂದು ಚೀಟಿ ಇಡುತ್ತವೆ. ವಿದ್ಯಾರ್ಥಿಗಳು ಇದಕ್ಕೆ ಗೊಣಗುತ್ತಾರೆ. ನಾನು ಅಂಗಡಿಯವರ ಪಕ್ಷ. ಜನ ಬಾಗಿಲಲ್ಲಿ ನಿಂತಿರುವಾಗ ನಾಲ್ಕು ಜನರ ಮೇಜನ್ನು ಒಬ್ಬರೇ ಹಿಡಿದು ಕೂರುವುದು ಸರಿಯಲ್ಲ. ಕೂರಲು ಬಿಡುವುದು ಅವರ ದೊಡ್ಡತನವಾದರೆ, ಹೊತ್ತು ನೋಡಿ ಜಾಗ ಬಿಡುವುದು ನಮ್ಮ ಮರ್ಯಾದೆ.

ಇದಕ್ಕಿಂತ ದೊಡ್ಡ ಕಷ್ಟ ರಜೆ. ಕ್ಯಾಂಪಸ್ ಪಕ್ಕದ ಅಂಗಡಿಗೆ ವರ್ಷ ಅಂದರೆ ಹನ್ನೆರಡು ತಿಂಗಳಲ್ಲ. ಸೆಮಿಸ್ಟರು ಮುಗಿದ ಮರುವಾರ ರಸ್ತೆಯೇ ಖಾಲಿ. ಬಾಡಿಗೆ ಮಾತ್ರ ಹನ್ನೆರಡು ತಿಂಗಳದ್ದೂ ಕಟ್ಟಬೇಕು, ಕೆಲಸದವರಿಗೆ ಸಂಬಳ ಕೊಡಬೇಕು, ಯಂತ್ರದ ಸಾಲದ ಕಂತು ನಿಲ್ಲುವುದಿಲ್ಲ. ನೂರಾರು ಶಾಖೆಯಿರುವ ಕಂಪನಿ ಇಲ್ಲಿ ಕಳೆದುಕೊಂಡದ್ದನ್ನು ವಿಮಾನ ನಿಲ್ದಾಣದ ಶಾಖೆಯಲ್ಲಿ ತುಂಬಿಕೊಳ್ಳುತ್ತದೆ. ಒಂಟಿ ಅಂಗಡಿಗೆ ಇನ್ನೊಂದು ಕೈಯಿಲ್ಲ. ಬಾಗಿಲು ಮುಚ್ಚಿದ ಎಷ್ಟೋ ಒಳ್ಳೆಯ ಅಂಗಡಿಗಳು ಗಿರಾಕಿಯಿಲ್ಲದೆ ಸೋತವಲ್ಲ, ವರ್ಷದ ಕೆಲವು ತಿಂಗಳು ಗಿರಾಕಿಯಿಲ್ಲದೆ ಸೋತವು.

ದೊಡ್ಡ ಕಂಪನಿಗಳ ಮೇಲೆ ನನಗೆ ಹಗೆತನವಿಲ್ಲ. ಅವುಗಳ ಬೇರು ಹುಡುಕಿಕೊಂಡು ಹೋದರೆ ಸಿಗುವುದೂ ಇಂಥದೇ ಒಂದು ಅಂಗಡಿ. ನೆದರ್ಲೆಂಡ್ಸಿನಿಂದ ಅಮೆರಿಕಕ್ಕೆ ಬಂದ, ಕಾಫಿ ವ್ಯಾಪಾರಿಯ ಮಗ ಆಲ್ಫ್ರೆಡ್ ಪೀಟ್ 1966ರಲ್ಲಿ ಬರ್ಕ್ಲಿಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅಂಗಡಿ ತೆರೆದರು. ಒಳ್ಳೆಯ ಬೀಜ ತರಿಸಿ, ತಾವೇ ಕಡುವಾಗಿ ಹುರಿದು ಮಾರುತ್ತಿದ್ದರು. ಅವರಿಂದ ಹುರಿಯುವ ವಿದ್ಯೆ ಕಲಿತು, ಮೊದಮೊದಲು ಅವರಿಂದಲೇ ಬೀಜ ಕೊಂಡು 1971ರಲ್ಲಿ ಸಿಯಾಟಲ್‌ನಲ್ಲಿ ಮೂವರು ಗೆಳೆಯರು ಶುರುಮಾಡಿದ್ದೇ ಸ್ಟಾರ್‌ಬಕ್ಸ್. ಪೀಟ್ ಅವರ ಅಂಗಡಿಯೂ ಮುಂದೆ ಸರಪಳಿಯಾಗಿ ಬೆಳೆಯಿತು. ಹುರಿಯುವ ರೀತಿ, ಬೀಜ ಆರಿಸುವ ರೀತಿ ಬೇರೆಡೆಗೆ ಸಾಗಿ ನೂರಾರು ಊರು ತಲುಪಿತು. ಕೌಂಟರಿನ ಹಿಂದೆ ನಿಂತ ಮನುಷ್ಯ ತನ್ನ ವಿವೇಚನೆಯಂತೆ ನಡೆಯುವ ಹಕ್ಕು ಮಾತ್ರ ಹಾಗೆ ಸಾಗುವುದಿಲ್ಲ. ಶಾಖೆ ಹೆಚ್ಚಿದಷ್ಟೂ ಅದನ್ನು ಮೇಲಿನವರು ಬರೆದು ಕಳಿಸಬೇಕಾಗುತ್ತದೆ, ಬರೆದು ಕಳಿಸಿದ ಮೇಲೆ ಅದು ನಿಯಮ.

ಆದ್ದರಿಂದ ನಿಮಗೂ ಇಂಥದೊಂದು ಅಂಗಡಿ ಇಷ್ಟವಾಗಿದ್ದರೆ ರಜೆಯಲ್ಲಿ ಹೋಗಿ. ಸಂಶೋಧನೆ ಮಾಡುವವರು, ಕಚೇರಿಯ ಸಿಬ್ಬಂದಿ, ಪಕ್ಕದ ಬೀದಿಯಲ್ಲಿ ವಾಸವಿರುವವರು, ಊರಿಗೆ ಹೋಗಲಾಗದ ವಿದ್ಯಾರ್ಥಿಗಳು, ಹೀಗೆ ಕ್ಯಾಂಪಸ್ಸಿನಲ್ಲಿ ಉಳಿಯುವವರು ಇದ್ದೇ ಇರುತ್ತಾರೆ. ಮನೆಗೆ ಬೀಜ ಬೇಕಿದ್ದರೆ ಅಲ್ಲೇ ಕೊಳ್ಳಿ. ಹುರಿದ ದಿನಾಂಕ ಕೇಳಿ, ಅವರಿಗೆ ಬೇಸರವಾಗುವುದಿಲ್ಲ, ಖುಷಿಯೇ ಆಗುತ್ತದೆ. ಪುಡಿ ಮಾಡಿಸದೆ ಇಡಿ ಬೀಜ ಒಯ್ದರೆ ಪರಿಮಳ ವಾರಗಳವರೆಗೆ ಉಳಿಯುತ್ತದೆ. ಕುಡಿಯಲು ಹೋದಾಗ ದೊಡ್ಡ ಮೇಜು ಹಿಡಿಯಿರಿ, ಆ ದಿನಗಳಲ್ಲಿ ಅದು ಹೇಗೂ ಖಾಲಿ. ಮಾಲೀಕರಿಗೂ ಬಿಡುವಿರುತ್ತದೆ. ಮುಂದಿನ ವರ್ಷಕ್ಕೆ ಬಾಡಿಗೆ ಕರಾರು ಮುಂದುವರಿಸುವುದೋ ಬೇಡವೋ ಎಂದು ಅವರು ಲೆಕ್ಕ ಹಾಕುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ.